ಏರಿಯಿಂದ ಬೆಟ್ಟಕ್ಕೆ: ಹೊಸೂರನ್ನು ನಡೆದು ನೋಡುವ ದಾರಿ

ಬೆಂಗಳೂರಿನಿಂದ ಸೇಲಂ, ಕೊಯಮತ್ತೂರು, ಚೆನ್ನೈ ಕಡೆಗೆ ಹೋಗುವವರಿಗೆಲ್ಲ ಹೊಸೂರು ಗೊತ್ತು. ಅತ್ತಿಬೆಲೆ ದಾಟಿದರೆ ಜೂಜುವಾಡಿ, ಆಮೇಲೆ ಕಾರ್ಖಾನೆಗಳ ಸಾಲು, ಮೇಲುಸೇತುವೆ, ಬಸ್ ನಿಲ್ದಾಣ. ಅಷ್ಟರಲ್ಲಿ ಊರು ಹಿಂದಕ್ಕೆ ಸರಿದಿರುತ್ತದೆ. ಎಡಗಡೆಯೋ ಬಲಗಡೆಯೋ ಒಂದು ಬೆಟ್ಟ, ಅದರ ಮೇಲೊಂದು ಗೋಪುರ ಕಂಡಂತಾಗುತ್ತದೆ, ಕೈ ಮುಗಿಯುವವರು ಮುಗಿಯುತ್ತಾರೆ. ಹೆದ್ದಾರಿಯಲ್ಲಿ ಹೋಗುವವರಿಗೆ ಸಿಗುವ ಹೊಸೂರು ಇಷ್ಟೇ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಈಚೀಚೆಗೆ ಅಷ್ಟೇ ಸಿಗುತ್ತಿದೆ ಎನ್ನುವುದು ನನ್ನ ಸಂಕಟ. ಶಾಲೆಗೆ ವ್ಯಾನು, ಪೇಟೆಗೆ ಸ್ಕೂಟರು, ಬೆಟ್ಟಕ್ಕೂ ಈಗ ವಾಹನದ ದಾರಿಯಿದೆ. ಕಾಲಿಗೆ ಕೆಲಸವಿಲ್ಲದ ಮೇಲೆ ಕಣ್ಣಿಗೂ ಕೆಲಸ ಕಡಿಮೆಯಾಗುತ್ತದೆ.

ಈ ಸ್ಮರಣ ಸಂಚಿಕೆಗೆ ಹೊಸೂರು ಸೀಮೆಯ ಕನ್ನಡಿಗರ ಚರಿತ್ರೆ ಬರೆದುಕೊಡಿ ಎಂದಾಗ ರಾಜರ ಹೆಸರುಗಳನ್ನು ಸಾಲಾಗಿ ಬರೆಯಲು ಮನಸ್ಸಾಗಲಿಲ್ಲ. ನಮ್ಮ ಚರಿತ್ರೆ ಊರಿನ ನೆಲದ ಮೇಲೇ ಬಿದ್ದುಕೊಂಡಿದೆ. ಅದನ್ನು ಓದಬೇಕಾದರೆ ನಡೆಯಬೇಕು. ಹಾಗಾಗಿ ಇದು ಒಂದು ಬೆಳಗಿನ ನಡಿಗೆಯ ದಾರಿ. ರಾಮನಾಯಕನ ಕೆರೆಯ ಏರಿಯಿಂದ ಹೊರಟು, ಪೇಟೆ ಹಾದು, ತೇರುಪೇಟೆಯ ಮೂಲಕ ಚಂದ್ರಚೂಡೇಶ್ವರನ ಬೆಟ್ಟ ಹತ್ತುವ ದಾರಿ.

ಹೊರಡುವ ಮುಂಚೆ ಊರಿನ ರಸ್ತೆಗಳ ಹೆಸರು ನೋಡಿ. ಬಾಗಲೂರು ರಸ್ತೆ, ಡೆಂಕಣಿಕೋಟೆ ರಸ್ತೆ, ರಾಯಕೋಟೆ ರಸ್ತೆ, ತಳಿ ರಸ್ತೆ. ಬಾಗಲೂರಿನಲ್ಲಿ ಪಾಳೆಯಗಾರರ ಕೋಟೆಯಿತ್ತು. ರಾಯಕೋಟೆಯ ಗಿರಿದುರ್ಗ ಇವತ್ತಿಗೂ ನಿಂತಿದೆ. ಡೆಂಕಣಿಕೋಟೆಗೆ ಹೆಸರಿನಲ್ಲೇ ಕೋಟೆಯಿದೆ. ಹೊಸೂರು ಈ ದಾರಿಗಳೆಲ್ಲ ಬಂದು ಕೂಡುವ ಜಾಗ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಈ ಬಯಲು ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚು. ಇಲ್ಲಿಂದ ಆಚೆಗೆ ನೆಲ ಕೃಷ್ಣಗಿರಿಯ ಕಡೆಗೆ ಇಳಿಯುತ್ತದೆ. ಅದಕ್ಕೇ ಹಳೆಯ ಸೇಲಂ ಜಿಲ್ಲೆಯನ್ನು ತಾಳಘಾಟ್, ಬಾರಾಮಹಲ್, ಬಾಲಾಘಾಟ್ ಎಂದು ಮೂರು ಪಾಲು ಮಾಡಿದಾಗ ಹೊಸೂರು ಸೀಮೆ ಘಟ್ಟದ ಮೇಲಿನ ಬಾಲಾಘಾಟ್ ಆಯಿತು. ಮಣ್ಣು, ಮಳೆ, ಬೆಳೆ, ಮಾತು ಎಲ್ಲದರಲ್ಲೂ ನಮ್ಮ ಸೀಮೆಗೆ ಆನೇಕಲ್ಲು, ಮಾಲೂರುಗಳೇ ಹತ್ತಿರ. ರಾಗಿ, ಹುರುಳಿ, ಅವರೆಯ ಹೊಲಗಳು ರಾಜ್ಯದ ಗಡಿಕಲ್ಲನ್ನು ಲೆಕ್ಕಿಸದೆ ಎರಡೂ ಕಡೆ ಹಬ್ಬಿವೆ.

ಏರಿಯ ಮೇಲೆ ನಿಂತರೆ ಹಳೆಯ ಊರು ಯಾಕೆ ಇಲ್ಲೇ ಕಟ್ಟಿಕೊಂಡಿತು ಎನ್ನುವುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕಡಲ ತಡಿಯ ಊರಿಗೆ ಬಂದರು ಹೇಗೋ ಈ ಒಣಸೀಮೆಯ ಊರಿಗೆ ಕೆರೆ ಹಾಗೆ: ಜನ, ದನ, ವ್ಯಾಪಾರ, ದೇವರು ಎಲ್ಲವೂ ಅದರ ಸುತ್ತಲೇ ಬಂದು ನಿಂತವು. ದೊಡ್ಡ ನದಿಯ ಕಾಲುವೆ ಇಲ್ಲದ ಕಡೆ ಮಳೆನೀರನ್ನು ಹಿಡಿದಿಡುವುದೊಂದೇ ದಾರಿ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು, ತೂಬು ಎತ್ತಿದರೆ ಗದ್ದೆಗೆ ನೀರು. ಯಾವ ಗದ್ದೆಗೆ ಯಾವ ಹೊತ್ತು ಎಂದು ನೋಡಿಕೊಳ್ಳಲು ನೀರಗಂಟಿ. ಈ ಏರ್ಪಾಟು ಕೋಲಾರ, ಬೆಂಗಳೂರು, ಹೊಸೂರು ಸೀಮೆಗಳಿಗೆಲ್ಲ ಒಂದೇ. ಇವತ್ತು ರಾಮನಾಯಕನ ಕೆರೆಯ ಪಕ್ಕದಲ್ಲಿ ಉದ್ಯಾನವಿದೆ, ಬೆಳಗ್ಗೆ ನಡೆಯಲು ಬರುವವರು ಬೇಕಾದಷ್ಟು. ಅವರು ಕೆರೆಯನ್ನು ನೋಡಿಕೊಂಡು ಸುತ್ತುತ್ತಾರೆ. ಒಮ್ಮೆ ಬೆನ್ನು ತಿರುಗಿಸಿ ಊರಿನ ಕಡೆಗೂ ನೋಡಲಿ ಎನ್ನುವುದು ನನ್ನ ಬೇಡಿಕೆ. ಏರಿ, ಪೇಟೆ, ಬೆಟ್ಟ ಈ ಮೂರರ ಸಂಬಂಧ ತಿಳಿಯುವುದು ಅಲ್ಲಿಂದಲೇ.

ಏರಿ ಇಳಿದು ಪೇಟೆಗೆ ಬಂದರೆ ಮೊದಲು ಕಿವಿಗೆ ಬೀಳುವುದು ಮಾತು. ಹೂವಿನ ಅಂಗಡಿಯ ಅಕ್ಕ ಒಬ್ಬರಿಗೆ ತಮಿಳಿನಲ್ಲಿ ಬೆಲೆ ಹೇಳಿ, ಪಕ್ಕದವರಿಗೆ ತೆಲುಗಿನಲ್ಲಿ ಚಿಲ್ಲರೆ ಕೊಟ್ಟು, ನಮ್ಮ ಕಡೆ ತಿರುಗಿ "ಎಷ್ಟು ಮೊಳ ಬೇಕಣ್ಣ?" ಎನ್ನುತ್ತಾರೆ. ತರಕಾರಿ ಮಂಡಿಯಲ್ಲಿ ಉರ್ದುವೂ ಸೇರುತ್ತದೆ. ಯಾರೂ ಯಾರಿಗೂ ಅನುವಾದ ಮಾಡಿ ಹೇಳುವುದಿಲ್ಲ. ಎದುರಿಗಿರುವವರ ಮುಖ ನೋಡಿ ನಾಲಿಗೆ ತಾನೇ ಹೊರಳುತ್ತದೆ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಹಂಚುವಾಗ ಈ ತಾಲ್ಲೂಕಿನ ಬಗ್ಗೆ ಮೂರು ಕಡೆಯಿಂದಲೂ ಮಾತು ಎದ್ದಿದ್ದಕ್ಕೆ ಕಾರಣ ಈ ಪೇಟೆಯಲ್ಲೇ ಸಿಗುತ್ತದೆ. ಇದು ಯಾವ ಒಂದು ಭಾಷೆಯ ಊರೂ ಆಗಿರಲಿಲ್ಲ. ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿ ಜಿಲ್ಲೆಗೆ ಸೇರಿತು. 2004ರಿಂದ ಕೃಷ್ಣಗಿರಿ ಜಿಲ್ಲೆ. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು.

ಬೋರ್ಡು ಬದಲಾದಾಗಲೆಲ್ಲ ಮನೆಯ ಮಾತು ಬದಲಾಗಲಿಲ್ಲ. ಕನ್ನಡಿಗರೆಂದರೆ ಬೆಂಗಳೂರಿನಿಂದ ಕೆಲಸ ಹುಡುಕಿಕೊಂಡು ಬಂದವರು ಎಂದು ಹೊಸಬರು ತಿಳಿಯುವುದುಂಟು. ಅದು ಸರಿಯಲ್ಲ. ತಳಿ, ಡೆಂಕಣಿಕೋಟೆ, ಕೆಳಮಂಗಲ, ಅಂಚೆಟ್ಟಿ, ಬಾಗಲೂರು, ಬೇರಿಕೆ ಸುತ್ತಿನ ಹಳ್ಳಿಗಳಲ್ಲಿ ಒಕ್ಕಲಿಗರು, ಲಿಂಗಾಯತರು, ಕುರುಬರು ಮತ್ತು ಇನ್ನೆಷ್ಟೋ ಸಮುದಾಯದವರು ತಲೆತಲಾಂತರದಿಂದ ಇದ್ದವರು. ತಮಿಳು, ತೆಲುಗು ಮಾತಾಡುವ ನೆರೆಯವರ ಜೊತೆ ಒಂದೇ ಕೆರೆಯ ನೀರು ಹಂಚಿಕೊಂಡವರು. ನಾವು ಇಲ್ಲಿ ಬಾಡಿಗೆಗೆ ಬಂದವರಲ್ಲ, ಹಾಗೆಂದು ಮನೆ ನಮ್ಮೊಬ್ಬರದೂ ಅಲ್ಲ. ಬೆಟ್ಟದ ಶಾಸನಗಳು ಹೇಳುವುದೂ ಇದನ್ನೇ.

ಬೆಟ್ಟದ ಬುಡದ ಬಡಾವಣೆ ತೇರುಪೇಟೆ. ಫಾಲ್ಗುಣ ಹುಣ್ಣಿಮೆಯ ಸುಮಾರಿಗೆ, ತಮಿಳು ಲೆಕ್ಕದ ಪಂಗುನಿಯಲ್ಲಿ, ಮರಕತಾಂಬಿಕೆ ಸಮೇತ ಚಂದ್ರಚೂಡೇಶ್ವರನ ತೇರು ಎಳೆಯುವುದು ಇಲ್ಲಿ. ತೇರಿಗೆ ತಮಿಳುನಾಡಿನವರಷ್ಟೇ ಬರುವುದಿಲ್ಲ. ಆನೇಕಲ್ಲು, ಸರ್ಜಾಪುರ, ಮಾಲೂರು ಕಡೆಯಿಂದ, ಗಡಿಯಾಚೆಯ ಆಂಧ್ರದಿಂದಲೂ ಜನ ಸೇರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬವದು. ತೇರಾದ ಮೇಲೆ ಪಲ್ಲಕ್ಕಿ ಉತ್ಸವ, ರಾತ್ರಿಯೆಲ್ಲ ಹೂವಿನ ಪಲ್ಲಕ್ಕಿಗಳ ಮೆರವಣಿಗೆ. ತೇರುಪೇಟೆಯಲ್ಲೇ ಪಚ್ಚೆಕೊಳವಿದೆ. ಸ್ಥಳಪುರಾಣ ಕೇಳಿದರೆ ಆ ಹೆಸರಿನ ಕಾರಣ ತಿಳಿಯುತ್ತದೆ. ಶಿವ ಹೊಳೆಯುವ ಉಡದ ರೂಪ ತಾಳಿ ಈ ಬೆಟ್ಟಕ್ಕೆ ಓಡಿಬಂದನಂತೆ. ಪಾರ್ವತಿ ಅದರ ಹಿಂದೆ ಬಿದ್ದು ಹಿಡಿದಳಂತೆ. ಮುಟ್ಟಿದ ಕೂಡಲೇ ಅವಳ ಮೈ ಪಚ್ಚೆಯ ಬಣ್ಣಕ್ಕೆ ತಿರುಗಿತು, ಮರಕತಾಂಬಿಕೆಯಾದಳು. ಉಡ ಬಂಡೆಗೆ ಹೇಗೆ ಕಚ್ಚಿಕೊಳ್ಳುತ್ತದೆ ಎಂದು ಕಂಡವರಿಗೆ ಈ ಕತೆ ಚೆನ್ನಾಗಿ ಅರ್ಥವಾಗುತ್ತದೆ. ಇಲ್ಲಿನ ಗುಡ್ಡಗಾಡಿನ ಜನ ನೋಡಿ ಬಲ್ಲ ಪ್ರಾಣಿಯೇ ದೇವರ ಕತೆಯೊಳಗೆ ಬಂದು ಕುಳಿತಿದೆ.

ಮೆಟ್ಟಿಲು ಹತ್ತಿಯೇ ಹೋಗಿ. ವಾಹನದ ದಾರಿಯಲ್ಲಿ ಹೋದರೆ ಬಂಡೆ, ಗಾಳಿ, ಊರು ಮೆಲ್ಲಗೆ ಕೆಳಗಾಗುವುದು ಯಾವುದೂ ಸಿಗುವುದಿಲ್ಲ. ಮೇಲಿನಿಂದ ಅಕ್ಕಪಕ್ಕದ ಗುಡ್ಡಗಳು ಕಾಣುತ್ತವೆ. ಒಂದರ ಮೇಲೆ ವೆಂಕಟೇಶ್ವರ, ಇನ್ನೊಂದು ಬ್ರಹ್ಮನದು. ತ್ರಿಮೂರ್ತಿಗಳು ಮೂರು ಗುಡ್ಡಗಳನ್ನು ಹಂಚಿಕೊಂಡ ಊರು ಎಂದು ಹಿರಿಯರು ಹೆಮ್ಮೆಯಿಂದ ತೋರಿಸುತ್ತಿದ್ದರು.

ಗುಡಿಯ ಗೋಡೆಯ ಕಲ್ಲುಗಳ ಮೇಲೆ ಅಕ್ಷರಗಳಿವೆ. ಪ್ರದಕ್ಷಿಣೆ ಮಾಡುವಾಗ ಕೈಗೆ ತಾಗುತ್ತವೆ, ನಾವು ಮುಂದಕ್ಕೆ ಹೋಗಿಬಿಡುತ್ತೇವೆ. 13ನೇ ಶತಮಾನದ ಹೊಯ್ಸಳರ ಕಾಲದ ಈ ಬರಹಗಳಲ್ಲಿ ಊರಿನ ಹೆಸರು ಹೊಸೂರು ಅಲ್ಲ, ಸೆವಿಡಪಾಡಿ. ಸೀಮೆಯ ಹೆಸರು ಮುರಸುನಾಡು, ನಾವು ಮೊರಸುನಾಡು ಎನ್ನುವುದು ಅದನ್ನೇ. ಮೊರಸು ಒಕ್ಕಲಿಗರು ಎಂದು ಬೆಂಗಳೂರು, ಕೋಲಾರ, ಹೊಸೂರು ಕಡೆಯ ಒಕ್ಕಲು ಮನೆತನಗಳು ತಮ್ಮನ್ನು ಕರೆದುಕೊಳ್ಳುವುದು ಈ ನಾಡಿನಿಂದಲೇ. ಇಲ್ಲಿ ಆಳುತ್ತಿದ್ದ ಸಾಮಂತರು ತ್ರಿಭುವನಮಲ್ಲ ಎಂಬ ಬಿರುದು ಇಟ್ಟುಕೊಂಡಿದ್ದರು. ಕಲ್ಯಾಣದ ಚಾಲುಕ್ಯರ ಕಾಲದಿಂದ ಕನ್ನಡ ನಾಡಿನಲ್ಲಿ ಮೆರೆದ ಬಿರುದು ಅದು. ಅರಸರು ಕನ್ನಡದ ಹೊಯ್ಸಳರು. ಇಷ್ಟೆಲ್ಲ ಇದ್ದೂ ಇಲ್ಲಿ ಶಾಸನ ಬರೆಸಿದ ಭಾಷೆ ತಮಿಳು. ಹೊಯ್ಸಳ ರಾಮನಾಥನ ಶಾಸನಗಳು ಬೆಂಗಳೂರು, ಕೋಲಾರ ಸೀಮೆಯಲ್ಲೂ ತಮಿಳಿನಲ್ಲಿ ಬಹಳ ಸಿಗುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆ ಎರಡು ಜಿಲ್ಲೆಗಳ ಸಂಪುಟಗಳನ್ನು ಬಿಡಿಸಿ ನೋಡಿದವರಿಗೆ ಇದು ಗೊತ್ತು. ಕನ್ನಡದ ಅರಸ ಜನರಿಗೆ ತಿಳಿಯುವ ಭಾಷೆಯಲ್ಲಿ ದತ್ತಿಯ ಲೆಕ್ಕ ಬರೆಸಿದ. ಅದರಿಂದ ಅವನ ಕನ್ನಡಕ್ಕೆ ಕುಂದು ಬರಲಿಲ್ಲ. ಇವತ್ತು ಗಡಿಯ ಎರಡೂ ಕಡೆ ಭಾಷೆಯ ಹೆಸರಿನಲ್ಲಿ ಬೋರ್ಡಿಗೆ ಮಸಿ ಬಳಿಯುವವರು ಒಮ್ಮೆ ಈ ಗೋಡೆಯ ಮುಂದೆ ಬಂದು ನಿಲ್ಲಬೇಕು.

ರಾಮನಾಥನ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಮ್ಮ ಸೀಮೆ ಒಂದು ಕಾಲಕ್ಕೆ ಹೊಯ್ಸಳರ ರಾಜಧಾನಿಯೇ ಆಗಿತ್ತು ಎನ್ನುವುದು ನಮ್ಮವರಲ್ಲೇ ಬಹಳ ಜನರಿಗೆ ತಿಳಿದಿಲ್ಲ. ಸೋಮೇಶ್ವರನ ನಂತರ, 1254ರ ಹೊತ್ತಿಗೆ, ಹೊಯ್ಸಳ ರಾಜ್ಯ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು. ದ್ವಾರಸಮುದ್ರ ಮೂರನೇ ನರಸಿಂಹನಿಗೆ, ಕಾವೇರಿಯ ಕೆಳಗಿನ ತಮಿಳು ಸೀಮೆ ಮತ್ತು ಪೂರ್ವದ ಭಾಗಗಳು ರಾಮನಾಥನಿಗೆ. ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ರಾಮನಾಥ ಆಳುತ್ತಿದ್ದ. ಪಾಂಡ್ಯರು ಒತ್ತಿ ಬಂದಾಗ ಕಣ್ಣನೂರು ಬಿಡಬೇಕಾಯಿತು. ಆಗ ಅವನು ಬಂದು ನೆಲೆ ನಿಂತದ್ದು ಕುಂದಾಣಿಯಲ್ಲಿ. ಆ ಕುಂದಾಣಿ ಇವತ್ತಿನ ಕೃಷ್ಣಗಿರಿ ಜಿಲ್ಲೆಯ ವೇಪನಪಳ್ಳಿ ಕಡೆಯ ಚಿನ್ನಕೊತ್ತೂರು. ಬೇಲೂರು, ಹಳೇಬೀಡಿಗೆ ಬಸ್ಸು ಮಾಡಿಕೊಂಡು ಹೋಗುವ ನಮ್ಮ ಶಾಲೆಗಳು ಚಿನ್ನಕೊತ್ತೂರಿಗೂ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಅಲ್ಲಿ ಬೇಲೂರಿನ ಶಿಲಾಬಾಲಿಕೆಯರಿಲ್ಲ. ಆದರೆ ಒಂದು ರಾಜವಂಶದ ಕವಲು ತನ್ನ ಕೊನೆಯ ವರ್ಷಗಳನ್ನು ಕಳೆದ ನೆಲ ಅದು.

ಅಣ್ಣತಮ್ಮಂದಿರ ಜಗಳ ಮುಗಿದು ರಾಜ್ಯ ಮತ್ತೆ ಒಂದಾದದ್ದು ಮೂರನೇ ಬಲ್ಲಾಳನ ಕಾಲದಲ್ಲಿ. ಅವನು 1301ರ ಸುಮಾರಿಗೆ ಹೊರಡಿಸಿದ ಒಂದು ಅಪ್ಪಣೆ ಹಲವು ಊರುಗಳ ಕಲ್ಲುಗಳ ಮೇಲೆ ಸಿಗುತ್ತದೆ. ದೇವಸ್ಥಾನಗಳ ಮೇಲೆ ಹಾಕಿದ್ದ ತೆರಿಗೆಗಳನ್ನು ಬಿಟ್ಟುಕೊಟ್ಟ ಅಪ್ಪಣೆ ಅದು. ಯಾವ ಯಾವ ನಾಡುಗಳಿಗೆ ಇದು ಸಲ್ಲುತ್ತದೆ ಎಂದು ಪಟ್ಟಿ ಮಾಡುವಾಗ ಕುಂದಾಣಿ ರಾಜ್ಯ, ಮುರಸುನಾಡು, ಕುವಳಾಲ ನಾಡು, ಕೈವಾರ ನಾಡು, ಇಲೈಪಾಕ್ಕ ನಾಡು ಎಂದು ಒಂದೇ ಉಸಿರಿನಲ್ಲಿ ಬರುತ್ತದೆ. ಕುವಳಾಲ ಎಂದರೆ ಕೋಲಾರ, ಇಲೈಪಾಕ್ಕ ಎಂದರೆ ಯಲಹಂಕ. ಹೊಸೂರು, ಕೋಲಾರ, ಕೈವಾರ, ಯಲಹಂಕ ಒಂದೇ ಆಡಳಿತದ ಒಂದೇ ಸಾಲಿನಲ್ಲಿದ್ದವು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅರಸರ ಶಾಸನಕ್ಕಿಂತಲೂ ನನಗೆ ಹತ್ತಿರವಾದವು ವೀರಗಲ್ಲುಗಳು. ಹೊಸೂರು ಸುತ್ತಮುತ್ತ, ಕೆರೆಯ ಏರಿ, ಹೊಲದ ಬದು, ಊರಬಾಗಿಲ ಮಾರಮ್ಮನ ಗುಡಿ, ಎಲ್ಲೆಂದರಲ್ಲಿ ನಿಂತಿರುತ್ತವೆ. ಅರ್ಧ ಹೂತಿರುತ್ತವೆ, ಸುಣ್ಣ ಬಳಿದಿರುತ್ತಾರೆ, ಕೆಲವು ಕಡೆ ಅರಿಶಿನ ಕುಂಕುಮ ಹಚ್ಚಿ ದೇವರು ಮಾಡಿಕೊಂಡಿರುತ್ತಾರೆ. ಅಂಥ ಒಂದು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲೋ ಕತ್ತಿಯೋ ಹಿಡಿದ ಒಬ್ಬ, ಎದುರಿಗೆ ಶತ್ರು, ತುರುಗೋಳಿನ ಕಲ್ಲಾದರೆ ಕಾಲಿನ ಹತ್ತಿರ ಸಣ್ಣದಾಗಿ ಕೆತ್ತಿದ ಹಸುಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ಅದರ ಮುಂದೆ ಕೈಮುಗಿದು ಕೂತ ಅದೇ ಮನುಷ್ಯ. ಕಾಳಗದಲ್ಲಿ ಬಿಗಿದುಕೊಂಡಿದ್ದ ತೋಳು ಅಲ್ಲಿ ಸಡಿಲಾಗಿರುತ್ತದೆ. ಕೆತ್ತಿದವನ ಹೆಸರು ನಮಗೆ ಸಿಗುವುದಿಲ್ಲ, ಆದರೆ ಒಂದೇ ಕಲ್ಲಿನಲ್ಲಿ ಅವನು ಆ ತೋಳುಗಳ ವ್ಯತ್ಯಾಸ ಮರೆಯಲಿಲ್ಲ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು, ಊರಿಗೆ ದಾಳಿ ಬಂದಾಗ ಸತ್ತವನು, ಹುಲಿಯೊಡನೆ ಹೋರಾಡಿ ಸತ್ತವನು. ಇವರು ರಾಜರಲ್ಲ, ನಮ್ಮಂಥ ಒಕ್ಕಲು ಮಕ್ಕಳು. ಪಕ್ಕದಲ್ಲಿ ಮಾಸ್ತಿಗಲ್ಲಿದ್ದರೆ ಬಳೆ ತೊಟ್ಟ ತೋಳೊಂದು ಮೇಲೆತ್ತಿರುತ್ತದೆ. ಅದನ್ನು ನೋಡುವಾಗ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗಬೇಕು.

ಸತ್ತವರಿಗೆ ಕಲ್ಲು ನಿಲ್ಲಿಸುವುದು ಈ ಸೀಮೆಯಲ್ಲಿ ಇನ್ನೂ ಹಳೆಯದು. ಶೂಳಗಿರಿ ಕಡೆಯ ಮಲ್ಲಚಂದ್ರಂ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ, ಮೇಲೆ ಹಾಸುಗಲ್ಲು ಹೊದಿಸಿದ ಕಲ್ಮನೆಗಳು ಹಿಂಡು ಹಿಂಡಾಗಿವೆ. ಬೃಹತ್ ಶಿಲಾಯುಗದವು. ಇವು ಬೆಳಗಿನ ನಡಿಗೆಯ ದಾರಿಯಲ್ಲಿಲ್ಲ, ಬೇರೆ ದಿನವೇ ಮೀಸಲಿಡಬೇಕು.

ಬೆಟ್ಟ ಇಳಿದು ಮತ್ತೆ ಊರೊಳಗೆ ಬಂದರೆ ಕೋಟೆಯ ಕತೆ. ವಿಜಯನಗರ ಇಳಿದ ಮೇಲೆ ಈ ಸೀಮೆ ಬಿಜಾಪುರದವರ ಕೈಗೆ ಹೋಗಿ, 17ನೇ ಶತಮಾನದ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಬಂತು. ಅಲ್ಲಿಂದ 1799ರವರೆಗೆ ಹೊಸೂರು ಬಹುಪಾಲು ಮೈಸೂರಿನದೇ. ಮೊದಲ ಮೈಸೂರು ಯುದ್ಧದಲ್ಲಿ, 1768ರ ಕೊನೆಗೆ, ಕಂಪನಿಯ ಕೈಸೇರಿದ್ದ ಹೊಸೂರನ್ನು ಹೈದರ್ ಮುತ್ತಿದ. ಅದನ್ನು ಬಿಡಿಸಲು ಬಂದ ಕರ್ನಲ್ ವುಡ್ ತನ್ನ ಭಾರದ ಸಾಮಾನು, ದೊಡ್ಡ ಫಿರಂಗಿಗಳನ್ನು ಬಾಗಲೂರಿನಲ್ಲಿ ಬಿಟ್ಟು ಈ ಕಡೆ ಹೊರಟ. ಹೈದರ್ ಸುತ್ತಿಕೊಂಡು ಹೋಗಿ ಬಾಗಲೂರಿಗೇ ನುಗ್ಗಿ ಫಿರಂಗಿಗಳನ್ನು ಹೊಡೆದುಕೊಂಡು ಹೋದ. ಕೋಟೆಬಾಗಿಲಿನ ನೂಕುನುಗ್ಗಲಿನಲ್ಲಿ ಬಹಳ ಜನ ಸತ್ತರು. ವುಡ್‌ನ ಕೆಲಸವೂ ಹೋಯಿತು. ಬಾಗಲೂರು ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಈ ಕತೆ ಗೊತ್ತಿರಲಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬಂದಾಗ ಟಿಪ್ಪುವಿನ ಪಡೆ ಹೊಸೂರು ಕೋಟೆ ಬಿಟ್ಟು ಹೊರಟಿತು. ಆ ಕೋಟೆಯ ಕಟ್ಟಡದ ಕೆಲಸದಲ್ಲಿ ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ಕೈದಿಯ ಕೈವಾಡವಿತ್ತು, ಅವನು ಆಗಲೇ ಪ್ರಾಣ ಕಳೆದುಕೊಂಡ ಎಂದು ಸೇಲಂ ಜಿಲ್ಲೆಯ ಹಳೆಯ ಬರಹಗಳು ಹೇಳುತ್ತವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಹೋಯಿತು. ಹೊಸೂರಿನ ಬಾಲಾಘಾಟ್ ಹೋದದ್ದು ಟಿಪ್ಪು ಮಡಿದ ಮೇಲೆ, 1799ರಲ್ಲಿ. ಘಟ್ಟದ ಕೆಳಗಿನವರಿಗಿಂತ ಏಳು ವರ್ಷ ಹೆಚ್ಚಾಗಿ ನಾವು ಮೈಸೂರಿನವರಾಗಿದ್ದೆವು.

ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲ ಹೊಲ ಅಳೆದು, ರೈತನ ಹೆಸರಿನಲ್ಲೇ ಕಂದಾಯ ಗೊತ್ತುಮಾಡಿದರು. ಮುಂದೆ ಮದ್ರಾಸ್ ಪ್ರಾಂತ್ಯದುದ್ದಕ್ಕೂ ಹಬ್ಬಿದ ರೈತವಾರಿ ಪದ್ಧತಿಯ ಬೀಜ ಬಿದ್ದದ್ದು ಅಲ್ಲಿ. ಬ್ರಿಟಿಷರಿಗೆ ಹೊಸೂರಿನ ತಂಪು ಹಿಡಿಸಿತು, 19ನೇ ಶತಮಾನದಲ್ಲಿ ಸೇಲಂ ಕಲೆಕ್ಟರರು ಇಲ್ಲಿ ವಾಸಕ್ಕೆ ನಿಂತರು. ಬ್ರೆಟ್ ಎಂಬ ಕಲೆಕ್ಟರ್ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ದೊಡ್ಡ ಮನೆಯನ್ನೇ ಕಟ್ಟಿಸಿದ, ಅದು ಕಾಲಕ್ರಮದಲ್ಲಿ ಹಾಳುಬಿತ್ತು. ಮೊರಪ್ಪೂರಿನಿಂದ ಧರ್ಮಪುರಿಯ ಮೂಲಕ ಹೊಸೂರಿಗೆ ಸಣ್ಣ ಗೇಜಿನ ರೈಲೂ ಬಂದಿತ್ತು, ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿ ಕಿತ್ತರು.

ಮತ್ತಿಗಿರಿಯ ಜಾನುವಾರು ಫಾರಂ ಮಾತ್ರ ಉಳಿಯಿತು. 1824ರಲ್ಲಿ ಸೈನ್ಯಕ್ಕೆ ಕುದುರೆ ಸಾಕಲು ಶುರುವಾದದ್ದು, 1600 ಎಕರೆಗೂ ಮೀರಿದ ಹುಲ್ಲುಗಾವಲು. ಆಮೇಲೆ ದನ, ಕೋಳಿ, ಕುರಿ ಸಾಕಣೆಯ ಸರ್ಕಾರಿ ಕೇಂದ್ರವಾಯಿತು. ಕುದುರೆ ಹೊರಗಿನಿಂದ ಬಂತು, ದನ ಇಲ್ಲಿಯವೇ. ಅಂಚೆಟ್ಟಿ, ಡೆಂಕಣಿಕೋಟೆಯ ಕಾಡಂಚಿನ ಹಳ್ಳಿಗಳು ಆಲಂಬಾಡಿ ದನಗಳಿಗೆ ಹೆಸರಾದವು, ಹಳ್ಳಿಕಾರಿಗೆ ಹತ್ತಿರದ ಸಂಬಂಧಿ. ವೀರಗಲ್ಲಿನ ಮೇಲೆ ಕೆತ್ತಿದ ಹಸುಗಳ ಸಂತಾನವೇ ಇವು ಎಂದುಕೊಳ್ಳಲು ನನಗೆ ಇಷ್ಟ.

ಪೇಟೆಗೆ ವಾಪಸ್ ಬರುವಾಗ ಆರ್.ವಿ. ಸರ್ಕಾರಿ ಶಾಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸೂರಿನ ಪಕ್ಕದ ತೊರಪಳ್ಳಿ ಅಗ್ರಹಾರದಲ್ಲಿ 1878ರ ಡಿಸೆಂಬರ್ 10ರಂದು ಮುನ್ಸೀಫರ ಮನೆಯಲ್ಲಿ ಹುಟ್ಟಿದ ಹುಡುಗ ಇಲ್ಲಿ ಓದಿದ. ಇಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ. ಮುಂದೆ ಮದ್ರಾಸಿನ ಮುಖ್ಯಮಂತ್ರಿ, 1948ರಲ್ಲಿ ಭಾರತದ ಗವರ್ನರ್ ಜನರಲ್ ಆದ ರಾಜಾಜಿಯವರು ಅವರು. ಸೆಂಟ್ರಲ್ ಕಾಲೇಜಿನಲ್ಲಿ ಅವರ ಜೊತೆಗಾರರಾದವರು ನವರತ್ನ ರಾಮರಾಯರು. ಮೈಸೂರು ಸಂಸ್ಥಾನದ ಅಧಿಕಾರಿ, 'ಕೆಲವು ನೆನಪುಗಳು' ಬರೆದು ಕನ್ನಡಕ್ಕೆ ಕೊಟ್ಟವರು. ಈ ಇಬ್ಬರ ಗೆಳೆತನ ಜೀವಮಾನದುದ್ದಕ್ಕೂ ನಡೆಯಿತು. ಹೊಸೂರಿನ ಹುಡುಗನಿಗೆ ಹೆಚ್ಚಿನ ಓದಿಗೆ ಬೆಂಗಳೂರೇ ಹತ್ತಿರ ಎನ್ನುವುದು ಆಗಲೂ ಹಾಗೇ, ಈಗಲೂ ಹಾಗೇ. ತೊರಪಳ್ಳಿಯ ಅವರ ಮನೆ ಈಗ ಸ್ಮಾರಕ. ಆ ಕಡೆಗೇ ಹರಿಯುವ ದಕ್ಷಿಣ ಪಿನಾಕಿನಿ ನಂದಿಬೆಟ್ಟದಲ್ಲಿ ಹುಟ್ಟಿ ಬರುವವಳು, ತಮಿಳಿನಲ್ಲಿ ತೆನ್‌ಪೆಣ್ಣೈ. ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಅವಳು ನೊರೆ ಕಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೇಲಿನ ಊರುಗಳ ಕೊಳಚೆ, ಕಾರ್ಖಾನೆಗಳ ನೀರು ಎಲ್ಲ ಸೇರಿ ನಮ್ಮ ಗದ್ದೆಗೆ ಬರುತ್ತಿದೆ. ಒಂದೇ ಹೊಳೆಯ ಮೇಲಿನವರು ನಾವೂ ಹೌದು, ಕೆಳಗಿನವರೂ ಹೌದು, ಎರಡೂ ರಾಜ್ಯಗಳ ಕನ್ನಡಿಗರು ಈ ಒಂದು ವಿಷಯದಲ್ಲಾದರೂ ಒಟ್ಟಿಗೆ ಕೂತು ಮಾತಾಡಬೇಕು.

ನಡಿಗೆ ಇಲ್ಲಿಗೆ ಮುಗಿಸಬಹುದು. ಆದರೆ ಕನ್ನಡದ ಮಾತು ತಳಿ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ. ಡೆಂಕಣಿಕೋಟೆಯಲ್ಲಿ ಬೇಟರಾಯಸ್ವಾಮಿ ಬೇಟೆಗಾರನ ರೂಪದ ವಿಷ್ಣು. ತಳಿಯ ಆಚೆ ಗುಮ್ಮಳಾಪುರ. ಕನ್ನಡ ಸಾಹಿತ್ಯ ಓದಿದವರು ಈ ಹೆಸರು ಕೇಳಿ ನಿಲ್ಲಬೇಕು. ಅಲ್ಲಮಪ್ರಭುವನ್ನು ನಡುವಿಟ್ಟು ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದ ಶೂನ್ಯಸಂಪಾದನೆಯನ್ನು 15, 16ನೇ ಶತಮಾನಗಳಲ್ಲಿ ನಾಲ್ವರು ಬೇರೆ ಬೇರೆಯಾಗಿ ಸಂಪಾದಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗೂಳೂರು ಸಿದ್ಧವೀರಣ್ಣೊಡೆಯ ಇವರ ಸಾಲಿನಲ್ಲಿ ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಒಬ್ಬರು. ಕನ್ನಡದ ಅತಿ ದೊಡ್ಡ ಕೃತಿಗಳಲ್ಲಿ ಒಂದಕ್ಕೆ ರೂಪ ಕೊಟ್ಟವರ ಹೆಸರಿನೊಂದಿಗೆ ನಮ್ಮ ಕಾಡಂಚಿನ ಹಳ್ಳಿ ಸೇರಿಕೊಂಡಿದೆ. ಹೊರಗಿನ ಲೋಕಕ್ಕೆ ಗುಮ್ಮಳಾಪುರ ಗೊತ್ತಾದದ್ದು ಇನ್ನೊಂದು ದಾರಿಯಿಂದ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆಯ ಕತೆಯಿದೆ. ಜವಳಗಿರಿಯ ಹುಲಿಯ ಕತೆಯೂ ಅದರಲ್ಲಿದೆ. ಚಿರತೆಯ ಊರು ಎಂದು ಹುಡುಕಿಕೊಂಡು ಬರುವವರಿಗೆ ನಮ್ಮವರು ಸಿದ್ಧಲಿಂಗಯತಿಗಳ ಹೆಸರನ್ನೂ ಹೇಳಿ ಕಳಿಸಬೇಕು.

1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಊರು ಬೇರೆಯಾಯಿತು. ಟಿವಿಎಸ್ ಮೊಪೆಡ್ಡು, ಅಶೋಕ್ ಲೇಲ್ಯಾಂಡ್ ಲಾರಿ, ಟೈಟಾನ್ ಕೈಗಡಿಯಾರ ಎಲ್ಲವೂ ಇಲ್ಲಿಂದ ಹೊರಟವು. ಸುತ್ತಲಿನ ಹಳ್ಳಿಗಳ ಹಸಿರುಮನೆಗಳಿಂದ ಗುಲಾಬಿ ವಿದೇಶಕ್ಕೆ ಹೋಗುತ್ತದೆ. ಅನ್ನ ಸಿಕ್ಕಿತು, ಅದು ಸಣ್ಣ ಮಾತಲ್ಲ. ಹಳ್ಳಿಯ ಹುಡುಗರು ಮನೆಯಲ್ಲೇ ಇದ್ದು ಕಾರ್ಖಾನೆಗೆ ಹೋಗುವಂತಾಯಿತು. ಅದರ ಜೊತೆಗೆ ಹೊಲ ನಿವೇಶನವಾಯಿತು, ಸಣ್ಣ ಕೆರೆಗಳು ಕಾಣೆಯಾದವು, ಬದುವಿನ ವೀರಗಲ್ಲು ಜೆಸಿಬಿಗೆ ಸಿಕ್ಕಿತು.

ಇನ್ನು ಶಾಲೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಸರ್ಕಾರಿ ಕನ್ನಡ ಶಾಲೆಗಳಿವೆ, ತೆಲುಗು ಶಾಲೆಗಳಿವೆ. 2006ರ ತಮಿಳು ಕಲಿಕೆ ಕಾಯ್ದೆಯಂತೆ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಗಿ, ಆ ಮಕ್ಕಳು ಹತ್ತನೇ ತರಗತಿಗೆ ಬಂದ 2016ರಿಂದ ಭಾಷಾ ಅಲ್ಪಸಂಖ್ಯಾತರ ಮನೆಗಳಲ್ಲಿ ಪರೀಕ್ಷೆಯ ಆತಂಕ ಶುರುವಾಯಿತು. ನ್ಯಾಯಾಲಯಗಳವರೆಗೆ ಹೋಗಿ ವಿನಾಯಿತಿ ಪಡೆಯಬೇಕಾಯಿತು. ತಮಿಳು ಕಲಿಯಲು ನಮ್ಮ ಮಕ್ಕಳಿಗೆ ಯಾವ ತೊಂದರೆಯೂ ಇಲ್ಲ, ಬೀದಿಯಲ್ಲೇ ಕಲಿಯುತ್ತಾರೆ, ಚೆನ್ನಾಗಿ ಕಲಿಯಲಿ. ಮನೆಯ ಮಾತಿನ ಓದುಬರಹ ತಪ್ಪಿಹೋಗಬಾರದು ಎನ್ನುವುದಷ್ಟೇ ಕೇಳಿಕೆ. ಕನ್ನಡ ಅಕ್ಷರ ಬಾರದ ಮೊಮ್ಮಗ ತಾತನ ಪೆಟ್ಟಿಗೆಯಲ್ಲಿನ ಕಂದಾಯದ ರಸೀದಿ, ಜಮೀನಿನ ಹಳೆಯ ಪತ್ರ, ಮದುವೆಯ ಲಗ್ನಪತ್ರಿಕೆ ಯಾವುದನ್ನೂ ಓದಲಾರ. ಅವನಿಗೆ ತಾತನ ಕಾಗದ ಬರೀ ಗೆರೆಗಳ ಗೋಜಲು.

ಹೀಗಾಗಿ ಈ ಸಂಚಿಕೆ ಓದುವವರಲ್ಲಿ ಕೆಲವು ಕೋರಿಕೆಗಳಿವೆ. ಮನೆಯ ಅಟ್ಟದಲ್ಲಿ ಕನ್ನಡದ ಕಡತ, ಓಲೆಗರಿ, ಹಳೆಯ ಪತ್ರ ಇದ್ದರೆ ಮಳೆಗಾಲಕ್ಕೆ ಮುಂಚೆ ಇಳಿಸಿ, ದೂಳು ಒರೆಸಿ, ಫೋಟೊ ತೆಗೆದಿಡಿ. ಊರಲ್ಲಿ ವೀರಗಲ್ಲಿದ್ದರೆ ಸುಣ್ಣ ಬಳಿಯುವುದನ್ನು ನಿಲ್ಲಿಸಿ, ಅಕ್ಷರವಿದೆಯೇ ನೋಡಿ, ಕಿತ್ತು ಬೇರೆಡೆ ಹಾಕುವವರು ಬಂದರೆ ಪಂಚಾಯತಿಗೆ ತಿಳಿಸಿ. ಬೆಟ್ಟದ ಶಾಸನಗಳ ಸಾರವನ್ನು ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬರೆದ ಫಲಕ ಗುಡಿಯ ಅಂಗಳದಲ್ಲಿ ಬರುವಂತೆ ಮೂರೂ ಭಾಷೆಯವರು ಸೇರಿ ಕೇಳೋಣ. ಬರುವ ತೇರಿಗೆ ಹೆಣ್ಣುಮಕ್ಕಳನ್ನು, ಅಳಿಯಂದಿರನ್ನು ಒಂದು ದಿನ ಮೊದಲೇ ಕರೆಸಿಕೊಳ್ಳಿ. ಬಿಸಿಲೇರುವ ಮುಂಚೆ ಮಕ್ಕಳನ್ನು ಕಟ್ಟಿಕೊಂಡು ರಾಮನಾಯಕನ ಕೆರೆಯ ಏರಿಯಿಂದ ಹೊರಡಿ, ಪೇಟೆಯಲ್ಲಿ ತಿಂಡಿ ತಿನ್ನಿ, ತೇರುಪೇಟೆಯ ಮೂಲಕ ಮೆಟ್ಟಿಲು ಹತ್ತಿ. ಗುಡಿಯ ಗೋಡೆಯ ಹತ್ತಿರ ಸೆವಿಡಪಾಡಿ, ಮುರಸುನಾಡು ಎಂಬ ಎರಡು ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಡಿ. ತಮಿಳು ಬಲ್ಲ ಮಗು ಮನೆಯಲ್ಲಿದ್ದರೆ ಅದರ ಕೈಯಲ್ಲೇ ಗೋಡೆಯ ಮೇಲೆ ಒಂದೊಂದು ಅಕ್ಷರ ಹುಡುಕಿಸಿ.